ಕುಡಿತ ಬಿಡಿಸಲು ಕರೆತಂದವರು

ಫೆಬ್ರವರಿಯ ಒಂದು ಬೆಳಿಗ್ಗೆ ಸೋಮವಾರಪೇಟೆ ಕಡೆಯ ಮಹಿಳೆಯೊಬ್ಬರು ತಮ್ಮ ಪತಿಯನ್ನು ಮಡಿಕೇರಿಗೆ, ಆಪ್ತ ಸಲಹೆಗಾರ್ತಿಯಾದ ನನ್ನ ಬಳಿ ಕರೆತಂದದ್ದು ಕುಡಿತ ಬಿಡಿಸಬೇಕೆಂದು. ಪತಿಯನ್ನು ಇಲ್ಲಿ ಪ್ರಕಾಶ್ ಎಂದು ಕರೆಯುತ್ತೇನೆ. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿ ಇದನ್ನು ಬರೆದಿದ್ದೇನೆ. ಅವರಿಗೆ 38 ವರ್ಷ. ಕಾಫಿ ತೋಟವೊಂದರಲ್ಲಿ 12 ವರ್ಷಗಳಿಂದ ರೈಟರ್, ಅಂದರೆ ಹಾಜರಿ ಮತ್ತು ಲೆಕ್ಕ ಬರೆಯುವವರು, ಆಗಿದ್ದು, ಜೊತೆಗೆ ಮನೆಯ ಹಿಂದಿನ ಸ್ವಂತ ಎರಡು ಎಕರೆಯಲ್ಲಿ ಕಾಫಿ, ಮೆಣಸು ನೋಡಿಕೊಳ್ಳುತ್ತಿದ್ದರು.

ಕುಡಿದದ್ದನ್ನು ಕಣ್ಣಾರೆ ಕಂಡಿದ್ದೀರಾ ಎಂದು ಪತ್ನಿಯನ್ನು ಕೇಳಿದೆ. "ಇಲ್ಲ ಮೇಡಂ. ಅತ್ತೆಯವರು ಬಾಯಿ ಮೂಸಿಯೂ ನೋಡಿದರು, ವಾಸನೆ ಇಲ್ಲ. ಆದರೆ ಕತ್ತಲಾದರೆ ಸಾಕು, ತೂರಾಡುತ್ತಾರೆ. ಕರೆದರೆ ಓಗೊಡುವುದಿಲ್ಲ. ಸುಮ್ಮಸುಮ್ಮನೆ ರೇಗುತ್ತಾರೆ," ಎಂದರು. ಅವರು ಇಷ್ಟು ಹೇಳುತ್ತಿದ್ದಾಗ ಪ್ರಕಾಶ್ ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದರು. ತಮ್ಮ ಬಲಗಡೆ ಕುಳಿತ ಹೆಂಡತಿ ತಮ್ಮ ಬಗ್ಗೆಯೇ ಮಾತಾಡುತ್ತಿದ್ದಾರೆಂಬುದು ಅವರಿಗೆ ತಿಳಿದಂತಿರಲಿಲ್ಲ. ಇಬ್ಬರೂ ಕುರ್ಚಿ ಬದಲಾಯಿಸುವಂತೆ ಕೇಳಿಕೊಂಡೆ. ಎಡಗಡೆಗೆ ಬಂದು ಪತ್ನಿ ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೆ ಹೇಳಿದಾಗ ಅವರು ಥಟ್ಟನೆ ತಿರುಗಿ, "ನಾನು ಕುಡಿಯುತ್ತೇನೆ ಅಂತ ಹೇಳಲಿಕ್ಕೆ ಇಷ್ಟು ದೂರ ಕರೆತಂದೆಯಾ?" ಎಂದರು. ಮೆಟ್ಟಿಲು ಹತ್ತಿ ಬರುವಾಗ ಅವರು ಗೋಡೆಗೆ ಕೈಯೂರಿಕೊಂಡೇ ಬಂದದ್ದು ಆಗ ನನಗೆ ನೆನಪಾಯಿತು.

ಹಿಂದಿನ ಜುಲೈ ಮಳೆಯಲ್ಲಿ ಅವರಿಗೆ ಕಿವಿ ನೋವು ಬಂದು, ಸೋರಿ, ನಾಲ್ಕನೆಯ ದಿನ ಜ್ವರ ಏರಿ, ಕತ್ತು ಸೆಟೆದು ಎಚ್ಚರ ತಪ್ಪಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸಿದಾಗ ನ್ಯುಮೊಕಾಕಸ್ ಬ್ಯಾಕ್ಟೀರಿಯಾದಿಂದಾದ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಸೋಂಕು, ಎಂದು ಗೊತ್ತಾಯಿತು. (ನಮ್ಮ ಕಡೆ ಇದನ್ನೂ ಮಿದುಳಿಗೇ ತಗಲುವ ಎನ್ಸೆಫಲೈಟಿಸ್ ಅನ್ನೂ ಸೇರಿಸಿ 'ಮೆದುಳು ಜ್ವರ' ಎಂದುಬಿಡುತ್ತೇವೆ, ಕಾರಣವೂ ಚಿಕಿತ್ಸೆಯೂ ಬೇರೆಯಾದ್ದರಿಂದ ಯಾವುದೆಂದು ಚೀಟಿಯಲ್ಲಿ ಬರೆಸಿಟ್ಟುಕೊಳ್ಳುವುದು ಒಳ್ಳೆಯದು.) ಮೂರು ವಾರದ ನಂತರ ಮನೆಗೆ ಬಂದರು. ಬಿಡುಗಡೆಯ ಚೀಟಿಯಲ್ಲಿ ಗುಣವಾಗಿದೆ ಎಂದಿತ್ತು. ಶ್ರವಣ ಪರೀಕ್ಷೆಯ ಮಾತೇ ಅದರಲ್ಲಿರಲಿಲ್ಲ.

ಈ ಒಂದು ಲೋಪವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್‌ನಿಂದ ಬದುಕಿ ಉಳಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ದೀರ್ಘಕಾಲದ ತೊಂದರೆ ಉಳಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವುಗಳಲ್ಲಿ ಕಿವುಡು ಮುಖ್ಯವಾದದ್ದು. ಸೋಂಕು ಒಳಕಿವಿಗೆ ಹಬ್ಬಿದರೆ ಅಲ್ಲಿನ ಶಂಖದಂಥ ಭಾಗದಲ್ಲಿ ಕೆಲವು ವಾರ, ತಿಂಗಳುಗಳಲ್ಲಿಯೇ ಎಲುಬು ಬೆಳೆದು ತುಂಬಿಕೊಳ್ಳಬಹುದು. ಎರಡೂ ಕಿವಿ ಹೋದವರಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆಯಿಂದ ಒಳಕಿವಿಗೆ ಅಳವಡಿಸುವ ಶ್ರವಣ ಸಾಧನ, ಕೂರಿಸಬೇಕಾದರೆ ಅದಕ್ಕೂ ಮೊದಲೇ ಕೂರಿಸಬೇಕಾಗುತ್ತದೆ. ಆದ್ದರಿಂದಲೇ ರೋಗಿಯನ್ನು ಮನೆಗೆ ಕಳಿಸುವ ಮುನ್ನ ಅಥವಾ ಹೆಚ್ಚೆಂದರೆ ನಾಲ್ಕು ವಾರದೊಳಗೆ ಶ್ರವಣ ಪರೀಕ್ಷೆ ಆಗಬೇಕು. ಪ್ರಕಾಶ್ ಅವರ ಎಡಗಿವಿ ಉಳಿದದ್ದು ಅವರ ಪುಣ್ಯ.

ನನ್ನ ಮೊದಲ ಸಲಹೆ ಮಾತಿನ ಸಲಹೆಯಾಗಿರಲಿಲ್ಲ. ಕಿವಿ ಮೂಗು ಗಂಟಲು ತಜ್ಞರಿಗೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಪತ್ರ ಬರೆದುಕೊಟ್ಟು, ಅಲ್ಲಿಂದ ಬರುವವರೆಗೆ ಕುಡಿತ ಎಂಬ ಪದವನ್ನು ಮನೆಯಲ್ಲಿ ಯಾರೂ ಎತ್ತಬಾರದೆಂದು ಕೇಳಿಕೊಂಡೆ. ವರದಿ ಸ್ಪಷ್ಟವಾಗಿತ್ತು. ಬಲಗಿವಿ ಪೂರ್ತಿ ಕಿವುಡಾಗಿತ್ತು, ಎರಡೂ ಕಡೆಯ ಸಮತೋಲನದ ಅಂಗ ಕುಂದಿತ್ತು. ನಾವು ನೆಟ್ಟಗೆ ನಿಲ್ಲುವುದು ಒಳಕಿವಿ, ಕಣ್ಣು ಮತ್ತು ಪಾದ ಈ ಮೂರರ ನೆರವಿನಿಂದ. ಒಳಕಿವಿ ಕೈಕೊಟ್ಟವರು ಹಗಲಿನಲ್ಲಿ ಕಣ್ಣನ್ನು ನಂಬಿ ನಡೆಯುತ್ತಾರೆ. ಕತ್ತಲೆಯಲ್ಲಿ, ಅದರಲ್ಲೂ ಮೆತ್ತನೆಯ, ಏರುತಗ್ಗಿನ ತೋಟದ ದಾರಿಯಲ್ಲಿ, ಕಣ್ಣೂ ಪಾದವೂ ಒಟ್ಟಿಗೆ ಸೋಲುತ್ತವೆ. ಪತ್ನಿ ಕಂಡ ತೂರಾಟ ಇದೇ. ಇದನ್ನು ವಿವರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂಗಡಿಯವರ ಹತ್ತಿರವೂ ಹೇಳಿಬಿಟ್ಟಿದ್ದೆನಲ್ಲ," ಎಂದರು.

ಇನ್ನು ಕೆಲಸದ ಮಾತು. ರೋಬಸ್ಟಾ ಕಾಫಿಯ ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕ. ಸಂಜೆ ತೂಕದ ಹೊತ್ತಿಗೆ ನಲವತ್ತು ಜನ ಒಟ್ಟಿಗೆ ಕೂಗುತ್ತಿರುತ್ತಾರೆ, ಪಕ್ಕದಲ್ಲಿ ಜೀಪು ಗುರುಗುಟ್ಟುತ್ತಿರುತ್ತದೆ. ಪ್ರಕಾಶ್ ಅಂಕಿ ತಪ್ಪಿ ಬರೆದರು, ಕೆಲಸದವರು ಜಗಳಕ್ಕೆ ಬಂದರು, ಸಾಹುಕಾರರು ಎಲ್ಲರೆದುರು ಗದರಿದರು. ಅವರು ತಂದು ತೋರಿಸಿದ ಜೇಬಿನ ಪುಸ್ತಕದಲ್ಲಿ ಬೆಳಗಿನ ಹಾಜರಿ ಮುತ್ತು ಪೋಣಿಸಿದಂತಿತ್ತು. ಸಂಜೆಯ ಪುಟದಲ್ಲಿ ಒಂದೇ ಹೆಸರು ಎರಡು ಸಲ, 47 ಎಂಬುದನ್ನು ಹೊಡೆದು 74, ಅದನ್ನೂ ಹೊಡೆದು ಖಾಲಿ ಜಾಗ. ಬುದ್ಧಿ ಹೋಗಿದ್ದರೆ ಬೆಳಗಿನ ಪುಟವೂ ಹಾಗೆಯೇ ಇರುತ್ತಿತ್ತು ಎಂದು ಅವರಿಗೇ ಅದನ್ನು ತೋರಿಸಿದೆ. ಈ ಕಾಯಿಲೆಯ ನಂತರದ ದಣಿವು ನಿದ್ದೆ ಮಾಡಿದರೆ ತೀರುವ ದಣಿವಲ್ಲ. ಒಂದೇ ಕಿವಿಯಲ್ಲಿ ಗದ್ದಲದ ನಡುವೆ ಕೇಳಿಸಿಕೊಳ್ಳುವುದಕ್ಕೇ ಮಿದುಳಿನ ಶಕ್ತಿಯೆಲ್ಲ ಹೋಗಿ, ನೆನಪಿಗೂ ತಾಳ್ಮೆಗೂ ಏನೂ ಉಳಿಯುವುದಿಲ್ಲ.

ಆದ್ದರಿಂದ ಲೆಕ್ಕದ ಕೆಲಸವನ್ನೆಲ್ಲ ಬೆಳಿಗ್ಗೆ ಹನ್ನೊಂದರೊಳಗೆ ಮುಗಿಸುವುದು, ಊಟದ ನಂತರ ಮುಕ್ಕಾಲು ಗಂಟೆ ಫೋನ್ ಇಲ್ಲದೆ ಮಲಗುವುದು, ತೂಕವನ್ನು ಮೇಸ್ತ್ರಿ ಕೂಗಿ ಹೇಳುವ ಬದಲು ಚೀಟಿಯಲ್ಲಿ ಬರೆದು ಕೊಡುವುದು, ನಿಲ್ಲುವಾಗ ಕಿವುಡು ಕಿವಿಯನ್ನು ಗದ್ದಲದ ಕಡೆಗೂ ಎಡಗಿವಿಯನ್ನು ಮಾತಾಡುವವರ ಕಡೆಗೂ ಇಟ್ಟುಕೊಳ್ಳುವುದು ಎಂದು ತೀರ್ಮಾನಿಸಿದೆವು. ಸಾಹುಕಾರರಿಗೆ ವೈದ್ಯರ ಪತ್ರದ ಜೊತೆ ನಾನೂ ಒಂದು ಪತ್ರ ಬರೆದೆ. ಅವರು ಗೊಣಗಿಕೊಂಡೇ ಒಪ್ಪಿದರು.

ಕೊಡಗಿನಲ್ಲಿ ಮಾತ್ರ ಹೇಳಬೇಕಾದ ಒಂದು ಸಲಹೆಯೂ ಇತ್ತು. ಒಂದು ಕಿವಿ ಹೋದವರಿಗೆ ಸದ್ದು ಕೇಳುತ್ತದೆ, ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ. ಕೊಂಬೆ ಮುರಿದ ಸದ್ದಿಗೆ ಆನೆ ಎಲ್ಲಿದೆಯೆಂದು ಅಂದಾಜು ಮಾಡಿ ಹಿಂದೆ ಸರಿಯುವುದು ತೋಟದವರಿಗೆ ಹುಟ್ಟಿನಿಂದ ಬಂದದ್ದು. ಪ್ರಕಾಶ್ ಅವರಿಗೆ ಈಗ ಅದಿಲ್ಲ. ಬೆಳಕು ಹರಿಯುವ ಮುನ್ನ ಒಬ್ಬರೇ ತೋಟಕ್ಕೆ ಇಳಿಯಬಾರದೆಂಬುದನ್ನು ನಾನು ಸಲಹೆಯಾಗಿ ಅಲ್ಲ, ಷರತ್ತಾಗಿಯೇ ಹೇಳಿದೆ. ಕೆರೆಯಲ್ಲಿ ಒಬ್ಬರೇ ಈಜುವುದಕ್ಕೂ ಅದೇ ಷರತ್ತು, ಏಕೆಂದರೆ ನೀರಿನೊಳಗೆ ಮೇಲು ಯಾವುದು, ಕೆಳಗು ಯಾವುದು ಎಂದು ಹೇಳುವುದು ಇದೇ ಒಳಕಿವಿ. ಬಚ್ಚಲಿನ ದಾರಿಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ, ಕರೆಂಟು ಹೋದರೆ ಇರಲೆಂದು ದಿಂಬಿನಡಿ ಟಾರ್ಚು, ಫಿಸಿಯೊಥೆರಪಿಸ್ಟ್ ಕಲಿಸಿದ ಕತ್ತು ತಿರುಗಿಸಿ ನೋಟ ನಿಲ್ಲಿಸುವ ವ್ಯಾಯಾಮ ದಿನಕ್ಕೆ ಮೂರು ಸಲ. ಮತ್ತೆ ಜ್ವರದ ಜೊತೆ ತಲೆನೋವು, ಕತ್ತು ಸೆಡೆತ ಬಂದರೆ, ಅಥವಾ ಮೂಗಿನಿಂದಲೋ ಕಿವಿಯಿಂದಲೋ ತಿಳಿನೀರು ಸೋರಿದರೆ, ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಸಿದೆ.

ಅಂಗವೈಕಲ್ಯದ ಪ್ರಮಾಣಪತ್ರ ಸಿಗುವುದೇ ಎಂದು ಪತ್ನಿ ಕೇಳಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬಲ್ ನಷ್ಟವನ್ನು ಕೇಳುವುದರಿಂದ ಆಸೆ ಹುಟ್ಟಿಸಲಿಲ್ಲ.

ಮೂರನೆಯ ಭೇಟಿಯಲ್ಲಿ ಪತ್ನಿ ಹೊರಗಿದ್ದಾಗ ಅವರು, "ಅವತ್ತೇ ಹೋಗಿದ್ದರೆ ಎಲ್ಲರಿಗೂ ಸಲೀಸಾಗುತ್ತಿತ್ತು," ಎಂದರು. ಸಾಯುವ ಯೋಚನೆ ಬರುತ್ತದೆಯೇ, ಹೇಗೆಂದು ಯೋಚಿಸಿದ್ದೀರಾ ಎಂದು ನೇರವಾಗಿಯೇ ಕೇಳಿದೆ. ದಾರಿ ಯೋಚಿಸಿರಲಿಲ್ಲ, ಆದರೆ ಬೆಳಗಿನ ಜಾವ ಎಚ್ಚರವಾಗಿ ಕಿವಿಯೊಳಗೆ ಜೀರುಂಡೆ ಕೂಗಿದಂತಾಗುತ್ತಿದ್ದಾಗ ಆ ಮಾತು ಬರುತ್ತಿತ್ತಂತೆ. ಮನೋವೈದ್ಯರಿಗೆ ತೋರಿಸಿ ಔಷಧಿ ಆರಂಭಿಸಿದೆವು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲಿಯೂ ಉಳಿಸಿದೆವು, ಮತ್ತು ಆ ಹೊತ್ತಿನಲ್ಲಿ ಹೆಂಡತಿಯನ್ನು ಎಬ್ಬಿಸುವುದು ಅವರಿಗೆ ತೊಂದರೆ ಕೊಟ್ಟಂತಲ್ಲ ಎಂಬುದನ್ನು ಪತ್ನಿಯ ಬಾಯಿಂದಲೇ ಹೇಳಿಸಿದೆ.

ಆಗಸ್ಟ್‌ನ ಭೇಟಿಯ ಹೊತ್ತಿಗೆ ರೇಗುವುದು ಕಡಿಮೆಯಾಗಿತ್ತು, ಹಗಲಿನ ನಡಿಗೆ ಗಟ್ಟಿಯಾಗಿತ್ತು. ಜೀರುಂಡೆ ಹೋಗಿಲ್ಲ. ಬಲಗಿವಿ ಮರಳುವುದಿಲ್ಲ. ಹೆಂಡತಿ ಕೇಳದೆಯೇ ಅವರ ಎಡಗಡೆಯ ಕುರ್ಚಿಯಲ್ಲಿ ಕುಳಿತರು. ಬರುವ ಕೊಯ್ಲಿಗೆ ಏಣಿ ಹತ್ತಿ ಮೆಣಸು ಕೊಯ್ಯಬಹುದೇ ಎಂದು ಪ್ರಕಾಶ್ ಕೇಳಿದರು. ಬೇಡ, ಆಳು ಹಿಡಿಯಿರಿ ಎಂದೆ. ಎರಡು ಎಕರೆಗೆ ಆಳಿಟ್ಟರೆ ಏನು ಉಳಿಯುತ್ತದೆಂದು ನಿಮಗೆ ಗೊತ್ತೇ ಎಂದು ಅವರು ಸ್ವಲ್ಪ ಗಡುಸಾಗಿಯೇ ಕೇಳಿದರು. ಹುತ್ತರಿ ಹಬ್ಬ ಕಳೆದ ಮೇಲೆ ಇಬ್ಬರೂ ಮತ್ತೆ ಬರುವವರಿದ್ದಾರೆ.