ಜ್ವಾಲಾಮುಖಿ ಮೇಲೆ ಹಾಕೋಕಾಗಲ್ಲ ಸರ್
"ಜ್ವಾಲಾಮುಖಿಗಳೇ ನಮಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬಿಡ್ತವಂತೆ, ಮತ್ತೆ ಭೂಮಿ ಬಿಸಿ ಆಗ್ತಿರೋದಕ್ಕೆ ಮನುಷ್ಯರ ಮೇಲ್ಯಾಕೆ ಗೂಬೆ ಕೂರಿಸ್ತಾರೆ" ಅಂತ ಕೇಳಿದೀರಲ್ಲ, ಲೆಕ್ಕ ಪೂರ್ತಿ ಉಲ್ಟಾ ಸರ್. ಪ್ರಪಂಚದ ಜ್ವಾಲಾಮುಖಿ ಎಲ್ಲಾ ಸೇರಿಸಿದ್ರೂ ನಾವು ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟು ಬಿಡೋದ್ರಲ್ಲಿ ನೂರಕ್ಕೆ ಒಂದು ಭಾಗ ಆದ್ರೆ ಹೆಚ್ಚು. 1991ರಲ್ಲಿ ಫಿಲಿಪೈನ್ಸ್‌ನ ಪಿನಟುಬೊ ಸಿಡಿದಾಗ ಭೂಮಿ ಬಿಸಿ ಆಗೋದಿರ್ಲಿ, ಗಂಧಕದ ಕಣಗಳು ಬಿಸಿಲಿಗೆ ಅಡ್ಡ ಬಂದು ಹೆಚ್ಚುಕಮ್ಮಿ ಅರ್ಧ ಡಿಗ್ರಿ ತಣ್ಣಗಾಯ್ತು. ಹವಾಯಿಯ ಮೌನಾ ಲೋವಾದಲ್ಲಿ ಗಾಳೀಲಿರೋ ಕಾರ್ಬನ್ ಡೈಆಕ್ಸೈಡ್ ಎಷ್ಟು ಅಂತ 1958ರಿಂದ ಅಳೀತಿದಾರೆ (ಅದೂ ಜ್ವಾಲಾಮುಖಿನೇ, ಅದರ ಹೊಗೆ ಬೀಸಿದ ಹೊತ್ತಿನ ರೀಡಿಂಗ್ ತೆಗೆದುಹಾಕ್ತಾರೆ), ಆಗ 315 ಪಿಪಿಎಂ (ಅಂದ್ರೆ ಗಾಳಿಯ ಹತ್ತು ಲಕ್ಷ ಕಣಕ್ಕೆ 315) ಆಸುಪಾಸು ಇದ್ದಿದ್ದು ಈಗ 420 ದಾಟಿದೆ. ಇನ್ನೊಂದು, ಹಳೇ ಗಿಡಮರದಿಂದ ಆದ ಕಲ್ಲಿದ್ದಲಲ್ಲಿ ಕಾರ್ಬನ್-13 (ಸ್ವಲ್ಪ ಭಾರದ ಒಂದು ಬಗೆಯ ಕಾರ್ಬನ್) ಕಮ್ಮಿ, ಗಾಳೀಲೂ ಅದರ ಪಾಲು ಇಳೀತಾನೇ ಇದೆ, ಜ್ವಾಲಾಮುಖಿ ಹೊಗೇಲಿ ಅದು ಅಷ್ಟು ಕಮ್ಮಿ ಇರಲ್ಲ, ಅದೇ ಕಾರಣ ಆಗಿದ್ರೆ ಹಾಗೆ ಇಳೀತಿರ್ಲಿಲ್ಲ.