ರೇಡಿಯೇಟರ್ ಫ್ಯಾನ್ ಡೈರೆಕ್ಟ್ ಮಾಡಿಸಬಹುದಾ?

ನಿಮ್ಮದು 1999ರ ಮಾರುತಿ 800. ನಂದಿ ಬೆಟ್ಟ ಹತ್ತುವಾಗ ಹೀಟ್ ಸೂಜಿ ಕೆಂಪು ಗೆರೆ ಮುಟ್ಟುತ್ತೆ, ಫ್ಯಾನ್ ತಿರುಗೋದೇ ಇಲ್ಲ. ಮೆಕ್ಯಾನಿಕ್ "ಡೈರೆಕ್ಟ್ ಮಾಡ್ಬಿಡೋಣ, ಗಾಡಿ ಓಡೋವಷ್ಟು ಹೊತ್ತೂ ತಿರುಗ್ತಾ ಇರುತ್ತೆ" ಅಂತಾರೆ, ಮಾಡಿಸಬಹುದಾ ಅಂತ ಕೇಳಿದ್ದೀರಿ.

ಡೈರೆಕ್ಟ್ ಅಂದ್ರೆ ಬಿಸಿ ನೋಡಿ ಫ್ಯಾನ್ ಆನ್ ಮಾಡೋ ಸ್ವಿಚ್ಚನ್ನ ಬಿಟ್ಟು, ಬ್ಯಾಟರಿಯಿಂದ ನೇರ ಕರೆಂಟ್ ಕೊಡೋದು. ಮಾಡಿಸಬಹುದು. ಆದ್ರೆ ನಾನು ಮಾಡಿಸಿದ ಹಾಗೆ ಬೇಡ.

ಕೋಲಾರದ ಹತ್ತಿರ ನಮ್ಮೂರು. ಹಳೇ ವ್ಯಾನಿಗೆ 15 ಕೆಜಿ ಟೊಮೆಟೊ ಬಾಕ್ಸ್ ತುಂಬಿಕೊಂಡು ಎಪಿಎಂಸಿಗೆ ಹೋಗ್ತಿದ್ದೆ. ರೋಡಲ್ಲಿ ಓಡುವಾಗ ಏನೂ ತೊಂದರೆ ಇಲ್ಲ, ಯಾರ್ಡ್ ಗೇಟ್ ಮುಂದೆ ಸಾಲಲ್ಲಿ ನಿಂತ್ರೆ ಹೀಟ್. ಅದು ಸಹಜವೇ. 50-60ರಲ್ಲಿ ಹೋಗುವಾಗ ಎದುರು ಗಾಳಿಯೇ ರೇಡಿಯೇಟರನ್ನ ತಣ್ಣಗೆ ಮಾಡುತ್ತೆ, ನಿಂತಾಗ ಮತ್ತು ಫಸ್ಟ್ ಗೇರಲ್ಲಿ ಬೆಟ್ಟ ಹತ್ತುವಾಗ ಮಾತ್ರ ಫ್ಯಾನ್ ಬೇಕು. ಒಬ್ಬ ಮೆಕ್ಯಾನಿಕ್ ಐದೇ ನಿಮಿಷದಲ್ಲಿ ಬ್ಯಾಟರಿ ಪ್ಲಸ್‌ನಿಂದ ಒಂದು ತೆಳ್ಳನೆ ವೈರ್ ಎಳೆದು, ಮಧ್ಯೆ ಮನೆ ಲೈಟಿನ ಸ್ವಿಚ್ ಒಂದು ಸಿಕ್ಕಿಸಿ ಕೊಟ್ಟ. ಫ್ಯೂಸ್ ಇಲ್ಲ, ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಸ್ವಿಚ್) ಇಲ್ಲ. ನಾಲ್ಕನೇ ದಿನ ಸ್ಟೇರಿಂಗ್ ಕೆಳಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ವೈರ್ ಮುಟ್ಟಿದ್ರೆ ಮೆತ್ತಗೆ ಚಪ್ಪಟೆ ಆಗ್ತಾ ಇತ್ತು, ಬೆರಳಿಗೆ ಅಂಟಿಕೊಳ್ತು. ಅದನ್ನೂ ಸಹಿಸಿಕೊಂಡೆ, ದಡ್ಡತನ. ಆಮೇಲೆ ಒಂದು ರಾತ್ರಿ ಸ್ವಿಚ್ ಆಫ್ ಮಾಡೋದು ಮರೆತು ಮಲಗಿದೆ. ಫ್ಯಾನ್ 10 ಆಂಪಿಯರ್ ಎಳೆಯುತ್ತೆ, ಬ್ಯಾಟರಿ 35 ಎಎಚ್ (ಆಂಪಿಯರ್-ಅವರ್), ಅಂದ್ರೆ ಮೂರೂವರೆ ಗಂಟೆಗೆ ಖಾಲಿ. ಬೆಳಗ್ಗೆ ಲೋಡ್ ತುಂಬಿದ ವ್ಯಾನನ್ನ ನಾಲ್ಕು ಜನ ಹಮಾಲರು ಬೈಕೊಂಡು ತಳ್ಳಿದ್ರು.

ಡೈರೆಕ್ಟ್ ಮಾಡಿಸೋ ಮುಂಚೆ ಫ್ಯಾನ್ ಯಾಕೆ ತಿರುಗ್ತಿಲ್ಲ ಅಂತ ನೋಡಿ. ಹತ್ತು ನಿಮಿಷದ ಕೆಲಸ. ಮೊದಲು ಫ್ಯೂಸ್. ಆಮೇಲೆ ಫ್ಯಾನ್ ಸಾಕೆಟ್ ಬಿಚ್ಚಿ ಬ್ಯಾಟರಿಯಿಂದ ಎರಡು ವೈರ್ ಕೊಟ್ಟು ನೋಡಿ, ಪ್ಲಸ್ ವೈರಲ್ಲಿ ಒಂದು ಫ್ಯೂಸ್ ಇರಲಿ. ತಿರುಗದಿದ್ರೆ ಮೋಟರೇ ಹೋಗಿದೆ, ಬ್ರಷ್ (ಮೋಟರ್ ಒಳಗೆ ಕರೆಂಟ್ ಮುಟ್ಟಿಸೋ ಕಾರ್ಬನ್ ತುಂಡು) ಸವೆದಿರುತ್ತೆ, ಎಷ್ಟು ಡೈರೆಕ್ಟ್ ಮಾಡಿದ್ರೂ ಪ್ರಯೋಜನ ಇಲ್ಲ. ತಿರುಗಿದ್ರೆ ಫ್ಯಾನ್ ಸ್ವಿಚ್ ಹತ್ತಿರ ಹೋಗಿ. ನೀರು 90 ಡಿಗ್ರಿ ದಾಟಿದ ಮೇಲೆ ಫ್ಯಾನಿಗೆ ಕರೆಂಟ್ ಕೊಡೋ ಬಿಲ್ಲೆ ಅದು. ಅದರ ಸಾಕೆಟ್ ಕಿತ್ತು, ಕೀ ಆನ್ ಮಾಡಿ, ಎರಡು ವೈರನ್ನ ಒಂದಕ್ಕೊಂದು ಮುಟ್ಟಿಸಿ. ಒಂದೇ ವೈರ್ ಇದ್ರೆ ಗಾಡಿಯ ಕಬ್ಬಿಣದ ಬಾಡಿಗೆ ಮುಟ್ಟಿಸಿ. ಫ್ಯಾನ್ ತಿರುಗಿತಾ? ಹಾಗಾದ್ರೆ ಸ್ವಿಚ್ ಹೋಗಿದೆ, ಹೊಸದು ಹಾಕಿ, ಡೈರೆಕ್ಟ್ ಮಾತೇ ಬೇಡ. (ಮೀಟರ್ ಸೂಜಿಗೆ ಹೋಗೋ ಸೆನ್ಸರ್ ಬೇರೆ, ಅದನ್ನ ಮುಟ್ಟಿಸಿದ್ರೆ ಸೂಜಿ ಮೇಲಕ್ಕೆ ಹಾರುತ್ತೆ, ಆಗ ಗೊತ್ತಾಗುತ್ತೆ.) ನೀರು ಕಮ್ಮಿ ಇದ್ರೂ ಫ್ಯಾನ್ ಬರಲ್ಲ, ಯಾಕಂದ್ರೆ ಸ್ವಿಚ್‌ಗೆ ನೀರು ತಾಗದೆ ಬರೀ ಗಾಳಿ ತಾಗ್ತಾ ಇರುತ್ತೆ. ಅದನ್ನ ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗಲೇ ನೋಡಿ. ಬಿಸಿ ಇದ್ದಾಗ ಕ್ಯಾಪ್ ತೆಗೆದ್ರೆ ಕುದಿಯೋ ನೀರು ಮುಖಕ್ಕೆ ಬರುತ್ತೆ.

ಇಷ್ಟಾದ ಮೇಲೂ ಬೇಕು ಅಂದ್ರೆ ಹೀಗೆ ಮಾಡಿಸಿ. ಮೊದಲು ಬ್ಯಾಟರಿ ಮೈನಸ್ ಬಿಚ್ಚಿ. ನಾಲ್ಕು ಕಾಲಿನ ರಿಲೇ ಒಂದು ತನ್ನಿ, ಹಾರ್ನ್‌ಗೆ ಹಾಕ್ತಾರಲ್ಲ ಅದೇ. ಕಾಲಿನ ಪಕ್ಕದಲ್ಲೇ ನಂಬರ್ ಇರುತ್ತೆ. 30ಕ್ಕೆ ಬ್ಯಾಟರಿ ಪ್ಲಸ್, ಮಧ್ಯೆ 20 ಆಂಪಿಯರ್ ಫ್ಯೂಸ್, ಅದು ಬ್ಯಾಟರಿಗೆ ಒಂದು ಗೇಣು ದೂರದೊಳಗೇ ಇರಲಿ. 87ರಿಂದ ಫ್ಯಾನಿಗೆ. ಈ ಎರಡೂ 2.5 ಸ್ಕ್ವೇರ್ ಎಂಎಂ ವೈರ್. 86ಕ್ಕೆ ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರೋ ವೈರ್, 85 ಬಾಡಿ ಅರ್ಥ್. ಇವಕ್ಕೆ ತೆಳ್ಳನೆ ವೈರ್ ಸಾಕು, ರಿಲೇ ಕಾಯಿಲ್ ಎಳೆಯೋದು ಕಾಲು ಆಂಪಿಯರ್ ಕೂಡ ಇಲ್ಲ. ಕೀ ತೆಗೆದ್ರೆ ಫ್ಯಾನ್ ನಿಲ್ಲುತ್ತೆ, ನನ್ನ ಹಾಗೆ ಹಮಾಲರ ಬಾಯಿಗೆ ಬೀಳಬೇಕಿಲ್ಲ. 86ರ ವೈರ್ ಮಧ್ಯೆ ಡ್ಯಾಶ್‌ಬೋರ್ಡಲ್ಲಿ ಒಂದು ಸ್ವಿಚ್ ಹಾಕಿಸಿದ್ರೆ ಇನ್ನೂ ಒಳ್ಳೇದು, ಬೆಟ್ಟದ ಬುಡದಲ್ಲಿ ಆನ್, ಹೈವೇಯಲ್ಲಿ ಆಫ್. ಸುಮ್ನೆ ಇಡೀ ದಿನ ತಿರುಗಿಸಿ ಬ್ರಷ್ ಸವೆಸೋದು ಯಾಕೆ?

ಇಲ್ಲೊಂದು ಎಡವಟ್ಟು ಆಗುತ್ತೆ. ಕೆಲವು ಹಳೇ ಗಾಡಿಯಲ್ಲಿ ಫ್ಯಾನಿಗೆ ಪ್ಲಸ್ ಯಾವಾಗ್ಲೂ ಬಂದೇ ಇರುತ್ತೆ, ಸ್ವಿಚ್ ಮಾಡೋದು ಅರ್ಥ್ ಕಡೆ. ಅಂಥದ್ದಕ್ಕೆ ಇನ್ನೊಂದು ಪ್ಲಸ್ ತಂದು ಕೊಟ್ರೆ ಫ್ಯಾನ್ ಅಲ್ಲಾಡೋದೂ ಇಲ್ಲ. ಕೀ ಆನ್ ಮಾಡಿ, ಫ್ಯಾನ್ ಸಾಕೆಟ್ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನ ಗಾಡಿಯ ಬಾಡಿಗೆ ಹಾಕಿ, ಮೊನೆಯನ್ನ ಗಾಡಿ ಕಡೆಯ ಸಾಕೆಟ್ಟಿಗೆ ಚುಚ್ಚಿ ನೋಡಿ. ಇಂಜಿನ್ ತಣ್ಣಗಿದ್ದಾಗಲೇ ಲ್ಯಾಂಪ್ ಹತ್ತಿದ್ರೆ ನಿಮ್ಮದು ಅರ್ಥ್ ಟೈಪ್. ಆಗ 30 ಬಾಡಿ ಅರ್ಥ್‌ಗೆ, 87 ಫ್ಯಾನಿನ ಮೈನಸ್‌ಗೆ. ಬ್ಯಾಟರಿ ಪ್ಲಸ್ ಇಲ್ಲಿಗೆ ಬೇಡವೇ ಬೇಡ.

ಇನ್ನೊಂದು ಮಾತು, ನನಗೆ ಜಾಸ್ತಿ ಸಿಟ್ಟು ಬರೋದು ಇದಕ್ಕೇ. ಡೈರೆಕ್ಟ್ ಮಾಡೋವಾಗ ಕೆಲವರು "ವಾಲ್ವ್ ಕೂಡ ತೆಗೆದುಬಿಡೋಣ" ಅಂತಾರೆ. ಅದು ಥರ್ಮೋಸ್ಟಾಟ್. ನೀರು 80 ಡಿಗ್ರಿ ದಾಟೋ ತನಕ ಅದು ರೇಡಿಯೇಟರ್ ದಾರಿ ಮುಚ್ಚಿಟ್ಟಿರುತ್ತೆ. ಅದು ಸರಿ ಇದ್ರೆ ಫ್ಯಾನ್ ಸದಾ ತಿರುಗಿದ್ರೂ ಇಂಜಿನ್ ತೀರಾ ತಣ್ಣಗಾಗಲ್ಲ. ಎರಡನ್ನೂ ಒಟ್ಟಿಗೆ ಮಾಡಿದ್ರೆ ನಮ್ಮ ಡಿಸೆಂಬರ್ ಬೆಳಗಲ್ಲಿ ಇಂಜಿನ್ ಬಿಸಿಯೇ ಆಗಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಆಯಿಲಲ್ಲಿ ನೀರಿನ ಅಂಶ ಉಳಿದು ಕೆಸರಾಗುತ್ತೆ. ನನ್ನ ವ್ಯಾನಿಂದೂ ತೆಗೆದಿದ್ರು, ಆಮೇಲೆ ಹೊಸದು ಹಾಕಿಸಿದೆ. ಮತ್ತೆ ದಯವಿಟ್ಟು ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಕಡೆ ನೀರು ಕಾಯಿಸೋ ಪಾತ್ರೆ ತಳ ನೋಡಿದ್ದೀರಲ್ವಾ, ಅದೇ ಬಿಳಿ ಪೊರೆ ರೇಡಿಯೇಟರ್ ಒಳಗೂ ಕಟ್ಟುತ್ತೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿ.

ಎಲ್ಲಾ ಮುಗಿದ ಮೇಲೆ ಫ್ಯಾನ್ ಆನ್ ಮಾಡಿ, ಗಾಡಿ ಮುಂದೆ ನಿಂತು ರೇಡಿಯೇಟರ್ ಜಾಲರಿಗೆ ಒಂದು ನ್ಯೂಸ್ ಪೇಪರ್ ಚೂರು ಹಿಡಿಯಿರಿ. ಫ್ಯಾನ್ ರೇಡಿಯೇಟರ್ ಹಿಂದೆ ಇರೋದ್ರಿಂದ ಪೇಪರ್ ಜಾಲರಿಗೆ ಅಂಟಿಕೊಂಡು ನಿಲ್ಲಬೇಕು. ಹಾರಿ ನಿಮ್ಮ ಎದೆಗೆ ಬಂದ್ರೆ ಫ್ಯಾನಿನ ಎರಡು ವೈರ್ ಅದಲು ಬದಲಾಗಿವೆ, ಉಲ್ಟಾ ಹಾಕಿಸಿ.