ನರವೈದ್ಯರನ್ನು ಕೇಳಿ: ‘ಆ’ ಅನ್ನಿ ಅಂತ ಯಾಕೆ ಹೇಳ್ತಾರೆ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಹೋದ ತಿಂಗಳು ಇದ್ದಕ್ಕಿದ್ದಂತೆ ತಲೆಸುತ್ತು, ವಾಂತಿ, ನಿಲ್ಲದ ಬಿಕ್ಕಳಿಕೆ ಶುರುವಾಯಿತು. ಗ್ಯಾಸ್ ಇರಬೇಕು ಅಂದುಕೊಂಡೆವು. ಎಂಆರ್‌ಐ ಮಾಡಿಸಿದಾಗ ಸ್ಟ್ರೋಕ್ ಅಂದರು. ಕೈಕಾಲು ಗಟ್ಟಿಯಾಗಿವೆ. ಆದರೆ ಕುಡಿದ ಕಾಫಿ ಮೂಗಿನಿಂದ ಬಂತು, ಧ್ವನಿ ಕಟ್ಟಿತು. ಈಗ ಮೂಗಿನ ಟ್ಯೂಬ್‌ನಲ್ಲೇ ಊಟ. ಡಾಕ್ಟರು ಬಂದಾಗಲೆಲ್ಲ ‘ಆ’ ಅನ್ನಿ, ನಾಲಗೆ ಚಾಚಿ ಅನ್ನುತ್ತಾರೆ. ಅದರಿಂದ ಏನು ಗೊತ್ತಾಗುತ್ತದೆ? ಒಂದು ಲೋಟ ನೀರು ಕೊಡಿ ಅಂತ ಅಪ್ಪ ಅಂಗಲಾಚುತ್ತಾರೆ. ಕೊಡಬಹುದಾ?
– ಓದುಗರು, ತಿಪಟೂರು

ಉತ್ತರ: ಕೊಡಬೇಡಿ. ನುಂಗುವ ಪರೀಕ್ಷೆ ಆಗುವವರೆಗೆ ಒಂದು ಗುಟುಕೂ ಬೇಡ. ಅಪ್ಪ ಬಾಯಾರಿ ಕೇಳುವಾಗ ಇಲ್ಲ ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ಬೇಡ.

ಮೆದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೊತೆ. ಕೊನೆಯ ನಾಲ್ಕು, ಅಂದರೆ 9ರಿಂದ 12ರವರೆಗಿನವು, ಗಂಟಲು, ಧ್ವನಿ, ಕತ್ತು ಮತ್ತು ನಾಲಗೆಯನ್ನು ನೋಡಿಕೊಳ್ಳುತ್ತವೆ. ಇವುಗಳ ಬೇರು ಮೆದುಳಿನ ಕಾಂಡದ ತುದಿಯಲ್ಲಿದೆ, ಹೆಬ್ಬೆರಳಿನಷ್ಟೂ ಇಲ್ಲದ ಜಾಗ. ಅಷ್ಟರಲ್ಲೇ ನಡುವಿಗೆ ಒಂದು ಕೆಲಸ, ಪಕ್ಕಕ್ಕೆ ಇನ್ನೊಂದು. ಕೈಕಾಲಿನ ಶಕ್ತಿಯ ತಂತುಗಳೂ ನಾಲಗೆಯ ನರವೂ ನಡುವಿನಲ್ಲಿವೆ. ನುಂಗುವ, ಮಾತಾಡುವ ನರಗಳ ಕೇಂದ್ರ ಪಕ್ಕದಲ್ಲಿದೆ. ನಿಮ್ಮ ತಂದೆಗೆ ಏಟು ಬಿದ್ದಿರುವುದು ಆ ಪಕ್ಕಕ್ಕೆ ಅಂತ ಕಾಣುತ್ತದೆ. ಕೈಕಾಲು ಗಟ್ಟಿ, ಗಂಟಲು ಮಾತ್ರ ಸೋತಿದೆ, ಅಲ್ವಾ? 1895ರಲ್ಲಿ ಜರ್ಮನಿಯ ಅಡಾಲ್ಫ್ ವಾಲೆನ್‌ಬರ್ಗ್ ಇದನ್ನು ವಿವರವಾಗಿ ಬರೆದಿಟ್ಟರು. ಇವತ್ತಿಗೂ ಅವರ ಹೆಸರಲ್ಲೇ ಕರೆಯುತ್ತೇವೆ. ಬಿಕ್ಕಳಿಕೆ ಕೂಡ ಇದರದ್ದೇ ಲಕ್ಷಣ. ಇನ್ನೊಂದು ವಿಷಯ: ಇಂಥವರಲ್ಲಿ ಮುಖದ ಒಂದು ಪಕ್ಕ ಮತ್ತು ಮೈಯ ಎದುರು ಪಕ್ಕ ಬಿಸಿ ತಿಳಿಯದೇ ಹೋಗಬಹುದು. ಸ್ನಾನದ ನೀರನ್ನು ನೀವೇ ಮುಟ್ಟಿ ನೋಡಿ ಹಾಕಿ.

ಈಗ ‘ಆ’ ವಿಷಯ. ಟಾರ್ಚ್ ಬಿಟ್ಟು ನಾವು ನೋಡುವುದು ಕಿರುನಾಲಗೆಯನ್ನು. ‘ಆ’ ಅಂದಾಗ ಅಂಗುಳದ ಹಿಂಭಾಗ ಎರಡೂ ಕಡೆ ಸಮನಾಗಿ ಮೇಲೇಳಬೇಕು. 10ನೇ ನರ ಒಂದು ಕಡೆ ಸೋತಿದ್ದರೆ ಆ ಕಡೆ ಏಳುವುದಿಲ್ಲ, ಕಿರುನಾಲಗೆ ಗಟ್ಟಿ ಇರುವ ಕಡೆಗೆ ವಾಲುತ್ತದೆ. ನಾಲಗೆಯದು ಉಲ್ಟಾ. 12ನೇ ನರ ಸೋತರೆ ಚಾಚಿದ ನಾಲಗೆ ಸೋತ ಕಡೆಗೇ ತಿರುಗುತ್ತದೆ. ನಿಮ್ಮ ತಂದೆಯ ನಾಲಗೆ ನೇರವಾಗಿಯೇ ಬರುತ್ತಿರಬೇಕು, ಗಮನಿಸಿ.

ನಮ್ಮ ಅಕ್ಷರಮಾಲೆಯೂ ಒಳ್ಳೆಯ ಪರೀಕ್ಷೆ. ನಾನು ರೋಗಿಗಳಿಗೆ ‘ಪಪಪ, ತತತ, ಕಕಕ’ ಹೇಳಿಸುತ್ತೇನೆ. ಪ ತೊಡರಿದರೆ ತುಟಿ, ತ ತೊಡರಿದರೆ ನಾಲಗೆಯ ತುದಿ, ಕ ತೊಡರಿದರೆ ನಾಲಗೆಯ ಬುಡ ಮತ್ತು ಅಂಗುಳ. ‘ಬಾಬು’ ಅಂದಿದ್ದು ‘ಮಾಮು’ ಅಂತ ಕೇಳಿಸಿದರೆ ಅಂಗುಳ ಮುಚ್ಚದೆ ಗಾಳಿ ಮೂಗಿಗೆ ಹೋಗುತ್ತಿದೆ ಅಂತ ಅರ್ಥ. ಕಾಫಿ ಮೂಗಿಗೆ ಬಂದಿದ್ದೂ ಆ ದಾರಿಯಲ್ಲೇ.

ಗಂಟಲಿನ ಹಿಂಭಾಗಕ್ಕೆ ಕಡ್ಡಿ ಮುಟ್ಟಿಸಿದಾಗ ಓಕರಿಕೆ ಬಂದರೆ ‘ಸರಿ, ಇನ್ನು ತಿನ್ನಬಹುದು’ ಅಂದುಕೊಳ್ಳುವವರು ತುಂಬಾ ಜನ. ಇದನ್ನು ನಂಬಬೇಡಿ. ಮುಟ್ಟಿದ್ದು ತಿಳಿಯುವುದು 9ನೇ ನರದಿಂದ, ಓಕರಿಸುವುದು 10ರಿಂದ. ಅಷ್ಟು ಮಾತ್ರ ಅದರಿಂದ ಗೊತ್ತಾಗುತ್ತದೆ. ಏನೂ ಕಾಯಿಲೆ ಇಲ್ಲದ ಎಷ್ಟೋ ಜನರಿಗೆ ಓಕರಿಕೆ ಬರುವುದೇ ಇಲ್ಲ, ಅವರು ಚೆನ್ನಾಗಿ ಉಣ್ಣುತ್ತಾರೆ. ಓಕರಿಕೆ ಇದ್ದೂ ನೀರು ಶ್ವಾಸನಾಳಕ್ಕೆ ಇಳಿಯುವವರೂ ಇದ್ದಾರೆ.

ನುಂಗುವುದನ್ನು ನುಂಗಿಸಿಯೇ ನೋಡಬೇಕು. ಆಸ್ಪತ್ರೆಯಲ್ಲಿ ನೆಟ್ಟಗೆ ಕೂರಿಸಿ ಮೊದಲು ಒಂದು ಚಮಚ ನೀರು ಕೊಡುತ್ತೇವೆ. ಗಂಟಲ ಮೇಲೆ ಬೆರಳಿಟ್ಟು ಧ್ವನಿಪೆಟ್ಟಿಗೆ ಮೇಲೇಳುತ್ತದಾ ಅಂತ ನೋಡುತ್ತೇವೆ. ಆಮೇಲೆ ಮಾತಾಡಿಸುತ್ತೇವೆ. ಕೆಮ್ಮು ಬಂದರೆ, ಅಥವಾ ಧ್ವನಿ ಗೊರಗೊರ ಅಂದರೆ, ಅಲ್ಲಿಗೇ ನಿಲ್ಲಿಸುತ್ತೇವೆ. ಎಲ್ಲ ಸರಿಯಿದ್ದರೆ ಮುಂದೆ 90 ಮಿಲಿಲೀಟರ್ ನೀರನ್ನು ನಿಲ್ಲಿಸದೆ ಕುಡಿಸಿ ನೋಡುತ್ತೇವೆ. ಕೆಲವರಿಗೆ ನೀರು ತಪ್ಪು ದಾರಿ ಹಿಡಿದರೂ ಕೆಮ್ಮೇ ಬರುವುದಿಲ್ಲ. ಅಂಥವರಿಗೆ ಎಕ್ಸ್‌ರೇ ವಿಡಿಯೋ ಅಥವಾ ಮೂಗಿನಿಂದ ಬಿಡುವ ಸಣ್ಣ ಕ್ಯಾಮೆರಾ ಬೇಕು. ನೀರು ನೆತ್ತಿಗೆ ಹತ್ತಿತು ಅಂತ ತಲೆ ತಟ್ಟುತ್ತೇವಲ್ಲ, ಅದು ನಿಜವಾಗಿ ಹೋಗುವುದು ಶ್ವಾಸನಾಳಕ್ಕೆ. ಹೀಗೆ ಪದೇ ಪದೇ ಆದರೆ ನ್ಯುಮೋನಿಯಾ.

ಧೈರ್ಯಗೆಡಬೇಡಿ. ಇಂಥ ಸ್ಟ್ರೋಕ್ ಆದ ಹೆಚ್ಚಿನವರು ವಾರಗಳಲ್ಲಿ, ಕೆಲವರು ತಿಂಗಳುಗಳಲ್ಲಿ, ಮತ್ತೆ ನುಂಗುತ್ತಾರೆ. ನುಂಗುವ ಥೆರಪಿ ಕಲಿಸುವವರು ತಲೆಯನ್ನು ಸೋತ ಪಕ್ಕಕ್ಕೆ ತಿರುಗಿಸಿ ನುಂಗಿಸಬಹುದು. ಆಗ ಆ ಪಕ್ಕದ ದಾರಿ ಮುಚ್ಚಿ, ತುತ್ತು ಗಟ್ಟಿ ಇರುವ ಪಕ್ಕದಿಂದ ಇಳಿಯುತ್ತದೆ. ಇಂಥವರಲ್ಲಿ ಕೆಲವರಿಗೆ ನೀರಿಗಿಂತ ಮಂದವಾದ ರಾಗಿ ಅಂಬಲಿ ಸುಲಭ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ತೊಂದರೆಗೆ ಚಿಕಿತ್ಸೆ ಇದೆ. ಅಲ್ಲಿಯವರೆಗೆ ದಿನಕ್ಕೆ ಎರಡು ಮೂರು ಸಲ ಬಾಯಿ, ಹಲ್ಲು ಚೊಕ್ಕಟ ಮಾಡಿ. ಒದ್ದೆ ಬಟ್ಟೆ ಚೆನ್ನಾಗಿ ಹಿಂಡಿ ತುಟಿ ಒರೆಸಿ. ಬಾಯಾರಿಕೆ ಸ್ವಲ್ಪ ತಣಿಯುತ್ತದೆ.

ಪ್ರಶ್ನೆ: ಕತ್ತಿನ ಪಕ್ಕದ ಗಂಟು ತೆಗೆದು ಬಯಾಪ್ಸಿಗೆ ಕಳಿಸಿದ್ದರು. ಟಿಬಿ ಅಂತ ಬಂತು, ಮಾತ್ರೆ ನಡೆದಿದೆ. ಆದರೆ ಅಂದಿನಿಂದ ಬಲ ಹೆಗಲು ಜೋತುಬಿದ್ದಿದೆ, ಜಡೆ ಹಾಕಿಕೊಳ್ಳಲು ಕೈ ಏಳುವುದಿಲ್ಲ. ಹೆಗಲು ಹಿಡಿದಿದೆ, ವ್ಯಾಯಾಮ ಮಾಡಿ ಅಂತಾರೆ.
– ಓದುಗರು, ರಾಣೆಬೆನ್ನೂರು

ಉತ್ತರ: ನೀವು ಸುಮ್ನೆ ವ್ಯಾಯಾಮ ಮಾಡುತ್ತಾ ಕಾಯಬೇಡಿ. 11ನೇ ನರ ಕತ್ತಿನ ಪಕ್ಕದಲ್ಲಿ ಚರ್ಮದ ಕೆಳಗೇ, ಆ ಗಂಟುಗಳ ಮಗ್ಗುಲಲ್ಲೇ ಹಾದುಹೋಗುತ್ತದೆ. ಗಂಟು ತೆಗೆಯುವಾಗ ಅದಕ್ಕೆ ಪೆಟ್ಟಾಗುವುದುಂಟು. ಮನೆಯವರಿಗೆ ನಿಮ್ಮ ಕೈಯನ್ನು ಮೆಲ್ಲಗೆ ಎತ್ತಲು ಹೇಳಿ. ಹೆಗಲು ಹಿಡಿದಿದ್ದರೆ ಅವರು ಎತ್ತಿದರೂ ಏಳುವುದಿಲ್ಲ. ನಿಮಗೇ ಎತ್ತಲಾಗದ ಕೈ ಅವರು ಎತ್ತಿದಾಗ ಸಲೀಸಾಗಿ ಮೇಲೆ ಹೋದರೆ ನರದ ತೊಂದರೆಯ ಅನುಮಾನ ಬಲವಾಗುತ್ತದೆ. ಬಲಕ್ಕೆ ಎಡಕ್ಕೆ ಕತ್ತು ತಿರುಗಿಸಲು ಆಗುತ್ತದೆ ಅಂತ ಸಮಾಧಾನ ಪಡಬೇಡಿ. ಕತ್ತು ತಿರುಗಿಸುವ ಸ್ನಾಯುವಿಗೆ ಕವಲು ಮೇಲೆಯೇ ಹೋಗಿರುತ್ತದೆ, ಪೆಟ್ಟಾಗುವುದು ಅದರ ಕೆಳಗೆ. ಇಎಂಜಿ (ಸ್ನಾಯುವಿಗೆ ನರದ ಸಂಕೇತ ತಲುಪುತ್ತಿದೆಯಾ ಅಂತ ನೋಡುವ ಪರೀಕ್ಷೆ) ಮಾಡಿಸಿ. ನರ ತುಂಡಾಗಿದ್ದರೆ ಜೋಡಿಸಬಹುದು, ಆದರೆ ಆರು ತಿಂಗಳು ದಾಟಿದಷ್ಟೂ ಫಲ ಕಡಿಮೆ. ಟಿಬಿ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ: ಧ್ವನಿ ಒಡೆದು ಎರಡು ತಿಂಗಳಾಯಿತು. ಎಡ ಧ್ವನಿತಂತು ಆಡುತ್ತಿಲ್ಲ ಅಂದರು. ಗಂಟಲು ಬಿಟ್ಟು ಎದೆಯ ಸ್ಕ್ಯಾನ್ ಯಾಕೆ?
– ಓದುಗರು, ಕಾರ್ಕಳ

ಉತ್ತರ: ಆ ತಂತುವಿನ ನರ 10ನೇ ನರದ ಕವಲು. ಎಡಗಡೆಯದು ಎದೆಯೊಳಗೆ ಇಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವನ್ನು ಕೆಳಗಿನಿಂದ ಸುತ್ತಿ, ಮತ್ತೆ ಗಂಟಲಿಗೆ ಹತ್ತುತ್ತದೆ. ಆ ದಾರಿಯಲ್ಲಿ ಶ್ವಾಸಕೋಶದ ಗಡ್ಡೆ, ಊದಿದ ಗಂಟು, ಹಿಗ್ಗಿದ ರಕ್ತನಾಳ, ಯಾವುದು ಒತ್ತಿದರೂ ಮೊದಲು ಕೆಡುವುದು ಧ್ವನಿಯೇ ಇರಬಹುದು. ಬೀಡಿ ಸಿಗರೇಟಿನ ಅಭ್ಯಾಸವಿದ್ದರಂತೂ ಈ ವಾರವೇ ಮಾಡಿಸಿ.